ಎಂಜಿನ್ನಿನ ಅಡಿಯ ತುಂಡುಗಳು

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಮಗಳು ಗುಬ್ಬಿಯ ಶಾಲೆ ಡಬ್ಬಿಗೆ ಮುಚ್ಚಳ ಹುಡುಕುತ್ತಿದ್ದೆ. ಬಚ್ಚಲುಮನೆಯಲ್ಲಿ ಬಟ್ಟೆ ಒಗೆಯುವ ಮಿಷನ್ನು ದಡದಡ ಕುಣಿಯತೊಡಗಿತು.

"ಹಡಗಿಗೆ ಎಂಜಿನ್ ಕೂರಿಸೋ ಮಹರಾಯ್ತಿ, ಮನೇಲಿ ಒಂದು ಮಿಷನ್ ಕೂರಿಸೋಕೆ ಆಗಲ್ವಲ್ಲೇ!" ಎಂದರು ಅತ್ತೆ, ಪೇಪರಿನಿಂದ ತಲೆ ಎತ್ತದೆ.

ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎಂಜಿನ್ ಕೂರುವ ಪೀಠದ ನಕ್ಷೆ ಹಾಕುವುದು ನನ್ನ ಕೆಲಸ.

"ಇದಕ್ಕೂ ನಿಮ್ಮ ಮೊಮ್ಮಗಳದೇ ಬುದ್ಧಿ ಅತ್ತೆ, ಕೂತಲ್ಲಿ ಕೂರಲ್ಲ," ಎಂದು ಒಲೆ ಆರಿಸಿ ಹೋದೆ.

ಮಿಷನ್ ನಿಲ್ಲಿಸಿ ಮುಂದಕ್ಕೆಳೆದರೆ ಹಿಂದೆ ಗೋಡೆಯ ಮೂಲೆಯಲ್ಲಿ ಗುಬ್ಬಿಯ ಹೊಸ ಬೂಟು. ಎಡಗಾಲಿನದು ಮಾತ್ರ, ದಪ್ಪ ಅಟ್ಟೆಯದು. ಕಳೆದುಹೋಯಿತೆಂದು ನಮ್ಮಿಂದ ಮನೆಯೆಲ್ಲ ಹುಡುಕಿಸಿದ್ದಳು, ಕಳ್ಳಿ! ಹುಟ್ಟಿನಿಂದಲೇ ಅವಳ ಎಡಗಾಲು ಗಿಡ್ಡ. ಈ ಬೂಟು ಹಾಕದೆ ಓಡಾಡಿದರೆ ಸೊಂಟ ವಾಲಿಬಿಡುತ್ತದೆ ಎಂದು ಡಾಕ್ಟರ್ ಎಚ್ಚರಿಸಿದ್ದರು. ಅಂದಿನಿಂದ ಅವಳು ಏನೋ ಕೇಳಲು ಬಾಯಿ ತೆರೆಯುವುದು, ಸುಮ್ಮನಾಗುವುದು. ನಾನೂ ಕೆದಕಿರಲಿಲ್ಲ.

ಬೈಯಲು ಕರೆಯಲಿಲ್ಲ. ನೆಲದ ಮೇಲೆ ಕೂತು, ಮಿಷನ್ನಿನ ಕಾಲಿನಡಿ ಇಡಲು ರಟ್ಟು ಕತ್ತರಿಸತೊಡಗಿದೆ. ಗುಬ್ಬಿ ಬಂದಳು. ಬೂಟನ್ನು ನೋಡಿಯೂ ನೋಡದವಳಂತೆ ಪಕ್ಕದಲ್ಲಿ ಕುಕ್ಕರಿಸಿದಳು.

"ದೊಡ್ಡ ಎಂಜಿನ್ನಿಗೂ ರಟ್ಟೇ ಇಡ್ತೀಯಾ?"

"ಉಕ್ಕಿನ ತುಂಡು ಕಣೇ. ಒಂದರ ಹಾಗೆ ಇನ್ನೊಂದಿರಲ್ಲ. ಒಂದೊಂದು ಕಡೇನೂ ಅಳೆದು, ಅಷ್ಟಕ್ಕೇ ಉಜ್ಜಿ ಕೂರಿಸ್ತಾರೆ."

"ಎಲ್ಲಾ ಒಂದೇ ದಪ್ಪ ಮಾಡೋಕೆ ಬರಲ್ವಾ ನಿಂಗೆ?"

"ಪೀಠಾನೇ ಒಂದು ಮಟ್ಟ ಇರಲ್ವಲ್ಲ. ಬೆಸುಗೆ ಬಿಸಿಗೆ ಅಲ್ಲಲ್ಲಿ ಬಾಗಿರತ್ತೆ. ಅದಕ್ಕೇ ನಕ್ಷೆಯಲ್ಲಿ ಮೊದಲೇ ತುಂಡಿಗೆ ಅಂತ ಜಾಗ ಬಿಟ್ಟಿರ್ತೀನಿ."

"ತುಂಡು ಬೇಡ. ಬೋಲ್ಟೇ ಗಟ್ಟಿಯಾಗಿ ತಿರುಗಿಸಿಬಿಟ್ರೆ?"

"ಆಗ ಎಂಜಿನ್ನೇ ಬಾಗತ್ತೆ. ನೋಡೋಕೆ ಚೆನ್ನಾಗೇ ಇರತ್ತೆ, ಒಳಗೊಳಗೇ ಸವೆದು ಹೋಗತ್ತೆ."

"ಏನ್ರೇ, ಒಳಗೆ ಹಡಗು ಕಟ್ತಾ ಇದೀರಾ? ಶಾಲೆ ಬಸ್ಸು ಬರೋ ಹೊತ್ತಾಯ್ತು!" ಅತ್ತೆ ಕೂಗಿದರು.

ಗುಬ್ಬಿ ಅಲುಗಲಿಲ್ಲ. ಬೂಟನ್ನು ಮಡಿಲಿಗೆಳೆದುಕೊಂಡು ಅಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. ನಾನು ರಟ್ಟು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಬಸ್ಸು ಹೋದರೆ ಹೋಗಲಿ ಅನ್ನಿಸಿತು.

"ಅಮ್ಮಾ," ಎಂದಳು ಕೊನೆಗೆ, ಮುಖ ಎತ್ತದೆ. "ನಾನು ದೊಡ್ಡೋಳಾದ್ಮೇಲೂ ಈ ಕಾಲು ಆ ಕಾಲಿನಷ್ಟು ಆಗೋದೇ ಇಲ್ವಾ?"