ಮುಂದ ವಿಲಾಯತಿ, ಹಿಂದ ಕಮಲಾಪುರ

ನನ್ನ ಎಂಟ್ರಿ ಸೀನು ಯಾವಾಗಲೂ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ. ಹುಮನಾಬಾದ್ ಕಡೆಯಿಂದ ಬಸ್ಸು ಬಂದು ನಿಲ್ಲುತ್ತದೆ, ಧೂಳು ಏಳುತ್ತದೆ, ಆ ಧೂಳಿನೊಳಗಿಂದ ನಾನು, ಚಂದ್ರಶಾ, ಬಿ.ಎ. ಎರಡನೇ ವರ್ಷ, ಕಾಲರ್ ಎತ್ತಿಕೊಂಡು ಬರುತ್ತೇನೆ. ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ನೋಡುತ್ತಾರೆ. ಹೀರೋ ಬಂದಾನ, ಜಾಗಾ ಬಿಡ್ರಿ ಎಂದು ಕಂಡಕ್ಟರ್ ಕೂಗುತ್ತಾನೆ. ಎಲ್ಲರೂ ನಗುತ್ತಾರೆ, ಯಾರೂ ಜಾಗ ಬಿಡುವುದಿಲ್ಲ. ಕಲಬುರಗಿಯವರೆಗೆ ನಿಂತೇ ಹೋಗುತ್ತೇನೆ. ಕೂತರೆ ಇಸ್ತ್ರಿ ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಕಾಲೇಜಿನಲ್ಲೂ ಅದೇ ರೋಲು. ಮೇಷ್ಟ್ರ ನಡಿಗೆ, ಲೈಬ್ರರಿಯವರು ಸೀನುವ ಸದ್ದು, ಪ್ರಿನ್ಸಿಪಾಲರ ಕೆಮ್ಮು, ಎಲ್ಲ ನನ್ನ ಬಳಿ ಸ್ಟಾಕ್ ಇತ್ತು. ಒಮ್ಮೆ ಹಳೆಯ ಕೋಟಿನಿಂದ ಕಿತ್ತ ಇಟಲಿಯ ಲೇಬಲ್ಲನ್ನು ಪ್ರಿನ್ಸಿಪಾಲರಿಗೆ ಹೊದಿಸುವ ಸನ್ಮಾನದ ಶಾಲಿಗೆ ಹಚ್ಚಿದ್ದೆ. ಅವರು ಅದನ್ನು ಹೊದ್ದುಕೊಂಡು ಸ್ವದೇಶಿ ಕುರಿತು ಭಾಷಣ ಮಾಡಿದರು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕಾದ ಮೇಲೆ ಜೋಡಿ ಜೋಡಿಯಾಗಿ ಕ್ಯಾಂಟೀನಿಗೆ ಹೋದರು. ಪಿಕ್ಚರ್‌ನಲ್ಲಿ ಕಾಮಿಡಿ ಮುಗಿದ ಮೇಲೆ ಕಾಮಿಡಿಯನ್ ಎಲ್ಲಿಗೆ ಹೋಗುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಕ್ಯಾಮೆರಾ ಹೀರೋ ಜೊತೆ ಹೋಗಿಬಿಡುತ್ತದೆ.

ಇಮಾಮುದ್ದೀನ್ ಒಬ್ಬನೇ ನಗುವುದಕ್ಕಿಂತ ಮೊದಲು ನನ್ನನ್ನು ನೋಡುತ್ತಿದ್ದವನು.

ಅವನು ನಮ್ಮೂರಿನ ಟೇಲರ್ ಮಲಂಗಸಾಬರ ಮಗ. ನನ್ನ ಜೊತೆ ಹತ್ತನೆಯವರೆಗೆ ಓದಿ, ಆಮೇಲೆ ಅಪ್ಪನ ಪಕ್ಕದ ಮಷಿನ್ನಿಗೆ ಕೂತವನು. ನಾನು ಏನೋ ದೊಡ್ಡ ಡೈಲಾಗ್ ಹೊಡೆಯುತ್ತಿದ್ದರೆ ಅವನ ಕಣ್ಣು ನನ್ನ ಭುಜದ ಹೊಲಿಗೆಯ ಮೇಲಿರುತ್ತಿತ್ತು. ಈ ಬಣ್ಣ ನಿನಗೆ ಒಪ್ಪುವುದಿಲ್ಲ ಎಂದರೆ ಮುಗಿಯಿತು, ಮರುದಿನ ನಾನು ಆ ಅಂಗಿ ಹಾಕುತ್ತಿರಲಿಲ್ಲ. ತಾನು ಮಾತ್ರ ವರ್ಷವಿಡೀ ಅದೇ ಬೂದು ಅಂಗಿ. ಹೊಲಿಯುವವನು ಕಾಣಬಾರದು ಎನ್ನುತ್ತಿದ್ದ.

ಭಾನುವಾರ ನಾವಿಬ್ಬರೂ ಕಲಬುರಗಿಗೆ ಹೋಗುತ್ತಿದ್ದೆವು. ಸೂಪರ್ ಮಾರ್ಕೆಟ್ ಹಿಂದೆ ತಾಡಪತ್ರಿ ಹಾಸಿ ಹಳೆಯ ಬಟ್ಟೆಯ ಗುಡ್ಡೆ ಹಾಕುತ್ತಿದ್ದರು. ಮುಂಬೈನಿಂದ ಗಂಟು ಗಂಟಾಗಿ ಬಂದದ್ದು, ಯಾವ ದೇಶದವರು ತೊಟ್ಟು ಬಿಟ್ಟದ್ದೋ. ನಾನು ಬಣ್ಣ ನೋಡಿ ಎಳೆಯುತ್ತಿದ್ದೆ. ಇಮಾಮುದ್ದೀನ್ ಮೊದಲು ಒಳಗು ಹೊರಗು ಮಾಡಿ ಹೊಲಿಗೆ ನೋಡುತ್ತಿದ್ದ. ತಂದದ್ದನ್ನು ಬಿಚ್ಚಿ, ತಿರುಗಿಸಿ, ನನ್ನ ಅಳತೆಗೆ ಕತ್ತರಿಸಿದರೆ ಕಾಲೇಜಿನಲ್ಲಿ ಯಾರ ಮೈಮೇಲೂ ಇಲ್ಲದ ಅಂಗಿ ತಯಾರು. ಉಳಿದ ಚಿಂದಿಯೆಲ್ಲ ಒಂದು ಚೀಲದಲ್ಲಿ ನಮ್ಮ ಆಯಿಗೆ ಹೋಗುತ್ತಿತ್ತು.

ಆಯಿ ಎಂದರೆ ನನ್ನ ತಾಯಿಯ ತಾಯಿ, ಬಂಡಮ್ಮ. ಹಳೆಯ ಬಟ್ಟೆಯ ತುಂಡು ಜೋಡಿಸಿ ಇಡೀ ಓಣಿಗೆ ಹೊದೆಯಲು ಕೌದಿ ಹೊಲಿದುಕೊಡುವವಳು. ಅವಳ ಕೈಗೆ ಬಂದ ಬಟ್ಟೆಗೆ ಸಾವೇ ಇಲ್ಲ. ಸೀರೆ ಹರಿದರೆ ಕೂಸಿನ ಲಂಗ, ಲಂಗ ಹರಿದರೆ ಕೌದಿಯ ತುಂಡು, ಕೌದಿ ಹರಿದರೆ ಎತ್ತಿನ ಬೆನ್ನಿಗೆ, ಅಲ್ಲಿಯೂ ಹರಿದರೆ ಒಲೆಯ ಮೇಲಿನ ಗಡಿಗೆ ಇಳಿಸಲು.

ತೊಂಬತ್ತಾರರ ಚಳಿಗಾಲದಲ್ಲಿ ಆ ಕೋಟು ಸಿಕ್ಕಿತು. ನಮ್ಮ ಕಡೆ ಚಳಿಗಾಲ ಎಂದರೆ ಎರಡು ಬೇಸಿಗೆಗಳ ನಡುವಿನ ಇಂಟರ್ವಲ್, ಆದರೂ ಕೋಟು ಕೋಟೇ. ಕಪ್ಪು ಉಣ್ಣೆ, ಉದ್ದನೆಯ ಕಾಲರ್, ಒಳಗೆ ನಮ್ಮಿಬ್ಬರಿಗೂ ಓದಲಾಗದ ಅಕ್ಷರಗಳ ಲೇಬಲ್. ಬೆನ್ನನ್ನು ಮಾತ್ರ ನುಸಿ ತಿಂದು ಜರಡಿ ಮಾಡಿತ್ತು. ಬೇರೆ ಅಂಗಿಗಳ ಜೊತೆ ಅಂಗಡಿಯವನು ಅದನ್ನು ಪುಕ್ಕಟೆ ಹಾಕಿಕೊಟ್ಟ. ಇಮಾಮುದ್ದೀನ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಅದರ ತೋಳಿನ ಜೋಡಣೆಯನ್ನು ಬೆರಳಿನಿಂದ ತಡಕುತ್ತಿದ್ದ.

ಊರು ಹತ್ತಿರ ಬಂದಾಗ ಅವನು ಪುಣೆಯ ವಿಷಯ ಹೇಳಿದ. ಅವನ ಮಾಮೂ ಅಲ್ಲಿ ಒಂದು ರೆಡಿಮೇಡ್ ಫ್ಯಾಕ್ಟರಿಯಲ್ಲಿದ್ದರು, ಇವನಿಗೂ ಜಾಗ ಮಾಡಿದ್ದರು.

"ಅಲ್ಲಿ ಏನ್ ಹೊಲೀತಿ?" ಎಂದೆ.

"ಕಾಲರ್."

"ದಿನಾ ಅದೇ?"

"ದಿನಾ ಅದೇ. ತೋಳು ಇನ್ನೊಬ್ಬ ಹೊಲೀತಾನ. ಬಟನ್ ಮತ್ತೊಬ್ಬ."

"ಅಂದ್ರ ಇಡೀ ಅಂಗಿ ಯಾರೂ ಹೊಲಿಯಂಗಿಲ್ಲ?"

ಅವನು ಕಿಟಕಿಯ ಕಡೆ ನೋಡಿದ. ನಾನು ಸೀಟಿನಿಂದ ಎದ್ದು, ಎದೆಯ ಮೇಲೆ ಕೈಯಿಟ್ಟು, ಬಸ್ಸಿಗೆಲ್ಲ ಕೇಳುವಂತೆ ಶುರು ಮಾಡಿದೆ. "ಗೆಳೆಯಾ, ಹೋಗೋದಾದ್ರ ಹೋಗು. ಆದರ ಹೋಗೂಕಿಂತ ಮೊದಲ ನನ್ನ ಹೆಣದ ಅಳತಿ ತಗೊಂಡು ಹೋಗು."

"ಹೆಣಕ್ಕ ಟ್ರಯಲ್ ನೋಡಾಕ ಬರಂಗಿಲ್ಲ," ಎಂದ. "ಕುಂದ್ರು, ಇಸ್ತ್ರಿ ಹೋದ್ರ ಹೋಗಲಿ."

ಬಸ್ಸು ನಕ್ಕಿತು. ಅವನೂ ನಕ್ಕ. ನಾನು ಗೆದ್ದೆ ಎಂದುಕೊಂಡೆ.

ನನ್ನ ಪ್ಲಾನು ಹೀಗಿತ್ತು. ಶರಣಬಸವೇಶ್ವರ ಗುಡಿಯ ಹತ್ತಿರ, ಹುಡುಗರು ರೂಮ್ ಮಾಡಿಕೊಂಡಿರುವ ಓಣಿಯಲ್ಲಿ, ಒಂದು ಮನೆಯ ಮೆಟ್ಟಿಲ ಕೆಳಗೆ ಜಾಗ ಖಾಲಿಯಿತ್ತು. ಅಲ್ಲಿ ಒಂದು ಮಷಿನ್, ಒಂದು ಕನ್ನಡಿ. ಹಳೆಯ ಬಟ್ಟೆ ಒಳಗೆ ಹೋಗುತ್ತದೆ, ಹೊಸ ಸ್ಟೈಲ್ ಹೊರಗೆ ಬರುತ್ತದೆ. ಅವನು ಹೊಲಿಯುವುದು, ನಾನು ಹಾಕಿಕೊಂಡು ಊರೆಲ್ಲ ತಿರುಗುವುದು. ನಡೆದಾಡುವ ಪೋಸ್ಟರ್.

ಇಮಾಮುದ್ದೀನ್ ಎಲ್ಲ ಕೇಳಿಸಿಕೊಂಡು, ನಿನ್ನನ್ನು ಬಿಟ್ಟರೆ ಇದನ್ನು ಹಾಕಿಕೊಳ್ಳುವ ಹುಚ್ಚ ಯಾರಿದ್ದಾನೆ ತೋರಿಸು ಎಂದ. ಮುಂದಿನ ವಾರ ನಮ್ಮ ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ ಇತ್ತು, ಅದರಲ್ಲಿ ಫ್ಯಾನ್ಸಿ ಡ್ರೆಸ್. ಆ ಕೋಟು ಹಾಕಿಕೊಂಡು ಸ್ಟೇಜ್ ಹತ್ತುತ್ತೇನೆ, ಹುಡುಗರು ಬಂದು ನಮಗೂ ಹೊಲಿಸಿಕೊಡು ಎಂದು ಕೇಳಿದರೆ ನೀನು ಪುಣೆ ಬಿಡಬೇಕು ಎಂದು ಕರಾರು ಹಾಕಿದೆ. ನೋಡಲು ಬರುತ್ತೇನೆ ಎಂದ. ಕೈಗೆ ಕೈ ಹೊಡೆದ.

ಆ ವಾರ ಅವನು ಬೇರೆ ಮನುಷ್ಯನಾಗಿದ್ದ. ನುಸಿ ತಿಂದ ಬೆನ್ನನ್ನು ಇಡಿಯಾಗಿ ಕತ್ತರಿಸಿ ತೆಗೆದ. ಅಲ್ಲಿಗೆ ಕೌದಿ ಕೂಡಿಸೋಣ ಎಂದದ್ದು ಅವನೇ. ಕಾಗದದಲ್ಲಿ ಬೆನ್ನಿನ ಆಕಾರ ಕತ್ತರಿಸಿ ಆಯಿಗೆ ಕೊಟ್ಟ. ಆಯಿ ಕೆಂಪು ಸೀರೆಯ ಅಂಚು, ಯಾರದೋ ಚೌಕಡಿ ಲುಂಗಿ, ನನ್ನ ಶಾಲೆಯ ನೀಲಿ ಚಡ್ಡಿ ಎಲ್ಲ ಸೇರಿಸಿ, ಒಂದರ ಪಕ್ಕ ಒಂದು ಓಡುಹೊಲಿಗೆ ಹಾಕಿ, ಗ್ಯಾದರಿಂಗ್‌ನ ಹಿಂದಿನ ದಿನ ಮಧ್ಯಾಹ್ನ ಮುಗಿಸಿಕೊಟ್ಟಳು. ಸಂಜೆ ಅಂಗಡಿಯಲ್ಲಿ ಟ್ರಯಲ್ ಆಯಿತು.

"ಹೊಳ್ಳು," ಎಂದ ಇಮಾಮುದ್ದೀನ್.

ತಿರುಗಿದೆ. ಮುಂದಿನಿಂದ ನೋಡಿದರೆ ಯಾವುದೋ ತಣ್ಣನೆಯ ದೇಶದ ಸಾಹೇಬ. ಹಿಂದಿನಿಂದ ನೋಡಿದರೆ ನಮ್ಮ ಓಣಿ. ಅವನು ಭುಜದ ಜೋಡಣೆಯನ್ನು ಬೆರಳಿನಿಂದ ಎಳೆದು ನೋಡಿದ. ನನ್ನ ಬೆನ್ನ ಹಿಂದಿದ್ದ ಅವನ ಮುಖ ನನಗೆ ಕಾಣುತ್ತಿರಲಿಲ್ಲ.

"ಮುಂದ ವಿಲಾಯತಿ, ಹಿಂದ ಕಮಲಾಪುರ," ಎಂದ ಕೊನೆಗೆ. "ನಾಳೆ ಕುಣಿಬ್ಯಾಡ ಮತ್ತ. ಸುಮ್ನ ನಿಂದ್ರು. ಕೋಟೇ ಮಾತಾಡ್ತದ."

ಮರುದಿನ ಮಧ್ಯಾಹ್ನ ಕಾಲೇಜಿನ ಅಂಗಳ ತುಂಬಿತ್ತು. ಮೊದಲ ಸಾಲಿನಲ್ಲಿ ಒಂದು ಕುರ್ಚಿಗೆ ನನ್ನ ಕರವಸ್ತ್ರ ಕಟ್ಟಿ ಇಮಾಮುದ್ದೀನನಿಗೆ ಜಾಗ ಹಿಡಿದಿದ್ದೆ. ನನ್ನ ಸರದಿ ಬರುವವರೆಗೆ ಇಸ್ತ್ರಿ ಕೆಡದಿರಲಿ ಎಂದು ಕೋಟನ್ನು ಸ್ಟೇಜಿನ ಹಿಂದಿನ ಬೇವಿನ ಗಿಡದ ಕೊಂಬೆಗೆ ತೂಗುಹಾಕಿದ್ದೆ. ಹೆಸರು ಕೂಗಿದರು. ಕೋಟು ಏರಿಸಿಕೊಂಡು ಮೇಲೆ ಹೋದೆ. ಕುರ್ಚಿ ಖಾಲಿಯಿತ್ತು. ಬಸ್ಸು ತಡವಾಗಿರಬೇಕು ಎಂದುಕೊಂಡೆ.

ಅವನು ಹೇಳಿದಂತೆ ಸುಮ್ಮನೆ ನಿಂತೆ. ಜೀವನದಲ್ಲಿ ಮೊದಲ ಸಲ ಸುಮ್ಮನೆ ನಿಂತೆ. ಅಂಗಳವೂ ಸುಮ್ಮನಾಯಿತು. ಸಾಹೇಬನ ಹಾಗೆ ಗತ್ತಿನಿಂದ ಕೈ ಕಟ್ಟಿಕೊಂಡು ಮೆಲ್ಲಗೆ ಹಿಂದೆ ತಿರುಗಿ ಬೆನ್ನು ತೋರಿಸಿದೆ. ಹುಡುಗಿಯರ ಸಾಲಿನಿಂದ ಅಬ್ಬಾ ಎಂಬ ಒಂದು ಉಸಿರು ಕೇಳಿಸಿತು. ಆಗಲೇ ಸೊಂಟದ ಮೇಲೆ ಏನೋ ಕಚ್ಚಿತು.

ಇನ್ನೊಂದು ಕಚ್ಚಿತು. ಆಮೇಲೆ ಎಣಿಕೆಯೇ ಇಲ್ಲ. ಕೆಂಪಿರುವೆ. ಕುತ್ತಿಗೆಗೆ ಏರಿದವು, ಬಗಲಿಗೆ ಇಳಿದವು. ನಾನು ಹಾರಿದೆ, ಬೆನ್ನನ್ನು ಕಂಬಕ್ಕೆ ತಿಕ್ಕಿದೆ, ಮೈಕಿನ ವೈರ್‌ಗೆ ಕಾಲು ಸಿಕ್ಕಿಸಿಕೊಂಡು ಬಿದ್ದು, ಬಿದ್ದಲ್ಲೇ ಉರುಳಿದೆ. ಯಾವ ಡಾನ್ಸ್ ಮಾಸ್ಟರೂ ಅಂಥ ಸ್ಟೆಪ್ ಕೊಟ್ಟಿರಲಿಕ್ಕಿಲ್ಲ. ಜನ ಎದ್ದು ನಿಂತು ಸೀಟಿ ಹೊಡೆದರು. ಪ್ರಿನ್ಸಿಪಾಲರು ಕೆಮ್ಮುವವರೆಗೆ ನಕ್ಕರು.

ಉರುಳುತ್ತಿರುವಾಗಲೇ ನನಗೆ ಹೊಳೆಯಿತು. ನಮ್ಮಲ್ಲಿ ಕೌದಿ ಹೊಲಿದು ಮುಗಿಸುವಾಗ ನಡುವಿನ ತುಂಡಿನೊಳಗೆ ಒಂದು ಚೂರು ಹೋಳಿಗೆ ಇಟ್ಟು ಬಾಯಿ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಇದು ನನಗೆ ಗೊತ್ತು, ಇಮಾಮುದ್ದೀನನಿಗೂ ಗೊತ್ತು. ಕೋಟಿನ ಬೆನ್ನೂ ಆಯಿಗೆ ಕೌದಿಯೇ ಎಂಬುದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ. ಆಮೇಲೆ ಕೇಳಿದಾಗ ಆಯಿ ಚೂರೂ ನಾಚಲಿಲ್ಲ. ಪ್ಯಾಟಿಗೆ ಹೋಗುವ ಕೂಸು, ಹಸಿದುಕೊಂಡು ಹೋಗಬಾರದು ಎಂದು ಜರಾ ಜಾಸ್ತಿಯೇ ಇಟ್ಟಿದ್ದಳಂತೆ, ತುಪ್ಪ ಹಚ್ಚಿ.

ಸ್ಟೇಜಿನ ಹಿಂದೆ ಕೋಟು ಜಾಡಿಸುತ್ತಿದ್ದಾಗ ಬಿ.ಕಾಂ.ನ ಮಾಪಣ್ಣ ಬಂದ. ಹೊಸ ಅಂಗಿಗಳನ್ನು ಹೈದರಾಬಾದಿನಿಂದ ತರಿಸುವವನು, ಎಂದೂ ನನ್ನ ಜೊತೆ ಮಾತಾಡಿದವನಲ್ಲ. ಅವನು ಇರುವೆಯ ಮಾತೇ ತೆಗೆಯಲಿಲ್ಲ. ಕೋಟಿನ ಬೆನ್ನು ಮುಟ್ಟಿ ನೋಡಿದ.

"ಎಲ್ಲಿ ಹೊಲಿಸಿದಿ ಇದು? ನನಗೂ ಒಂದು ಬೇಕು."

ಅವನ ಹಿಂದೆ ಅವನ ಗೆಳೆಯರು ನಿಂತಿದ್ದರು, ಅವರಿಗೂ ಬೇಕಿತ್ತು. ಒಬ್ಬ ತನ್ನ ಅಜ್ಜಿಯ ಸೀರೆ ತಂದುಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದ. ಟೇಲರ್ ಈಗ ಬರುತ್ತಾನೆ ಎಂದೆ. ಕುರ್ಚಿಯ ಬಳಿ ಹೋಗಿ ನಿಂತೆ. ಪ್ರೈಜ್ ಕೊಡುವುದು ಮುಗಿಯಿತು, ಶಾಮಿಯಾನ ಬಿಚ್ಚತೊಡಗಿದರು. ಕುರ್ಚಿ ಎತ್ತಿಕೊಂಡು ಹೋಗಲು ಬಂದವನೇ ನನ್ನ ಕರವಸ್ತ್ರ ಬಿಚ್ಚಿ ಕೈಗೆ ಕೊಟ್ಟ.

ಕಮಲಾಪುರದ ಬಸ್ಸಿನಲ್ಲಿ ಆ ದಿನ ಸೀಟು ಸಿಕ್ಕಿತು. ಇಮಾಮುದ್ದೀನನಿಗೆ ಜ್ವರ ಬಂದಿರಬೇಕು, ಇಲ್ಲವೇ ಯಾರದೋ ಮದುವೆಯ ಶೇರವಾನಿ ಅರ್ಜೆಂಟ್ ಬಂದಿರಬೇಕು ಎಂದು ದಾರಿಯುದ್ದಕ್ಕೂ ನಾನೇ ಸ್ಕ್ರಿಪ್ಟ್ ಬರೆದೆ. ನಡುನಡುವೆ ಇರುವೆಯ ಕತೆಯನ್ನು ಅವನಿಗೆ ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ರಿಹರ್ಸಲ್ ಮಾಡಿದೆ. ಕುಣಿಯಬೇಡ ಎಂದಿದ್ದಿ, ಮಗನೇ, ಎಂದು ಶುರು ಮಾಡುವುದು. ಅವನು ಮೊದಲು ಹೊಲಿಗೆ ಹರಿಯಿತೇ ಎಂದು ಕೇಳುತ್ತಾನೆ. ಆಮೇಲೆ ನಗುತ್ತಾನೆ.

ಅಂಗಡಿಯಲ್ಲಿ ಮಲಂಗಸಾಬರು ಒಬ್ಬರೇ ಹೊಲಿಯುತ್ತಿದ್ದರು. ಇಮಾಮುದ್ದೀನನ ಮಷಿನ್ನಿನ ಮೇಲೆ ಜೋಳ ಹಸನು ಮಾಡುವ ಮೊರ ಇಟ್ಟಿತ್ತು. ಅವನ ತಾಯಿ ಮಸ್ತಾನಬಿ ಚಾಚಿ ಒಳಗಿನಿಂದ ಬಂದು ನನ್ನನ್ನು ನೋಡಿ ಸೆರಗು ಬಾಯಿಗೆ ಹಿಡಿದರು.

ಬೆಳಿಗ್ಗೆ ಅವನ ಮಾಮೂ ಬಂದು ಕರೆದುಕೊಂಡು ಹೋಗಿದ್ದರು. ಕಲಬುರಗಿಯಿಂದ ಮಧ್ಯಾಹ್ನದ ರೈಲು. ಹೋಗುವುದು ಕೋಟಿಗೆ ಕತ್ತರಿ ಹಾಕುವ ಮೊದಲೇ ಪಕ್ಕಾ ಆಗಿತ್ತಂತೆ. ಹಾಗಾದರೆ ಆ ವಾರವೆಲ್ಲ ಅವನು ಆ ಕೋಟನ್ನು ಯಾಕೆ ಹೊಲಿದ ಎಂದು ನಾನು ಕೇಳಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದೆ.

"ನಾನೂ ಅದನ್ನೇ ಕೇಳ್ದೆ ಬೇಟಾ," ಎಂದರು ಚಾಚಿ. "ಚಂದ್ರ್ಯಾನ ಮುಂದ ಹೇಳಿದ್ರ ಅಂವ ನಗಸ್ತಾನ ಅಮ್ಮೀ, ನಕ್ಕ್ರ ನಾ ಹೋಗಂಗಿಲ್ಲ ಅಂದ."

ಕಲಬುರಗಿಯಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ಟೇಷನ್ನಿಗೆ ಹೋಗುವ ನೇರ ದಾರಿಯಲ್ಲಿ ನಮ್ಮ ಕಾಲೇಜು ಬರುವುದಿಲ್ಲ. ಸುತ್ತು ಹೊಡೆದರೆ ಬರುತ್ತದೆ. ಗೇಟಿನ ಬಳಿ ನಿಂತರೆ ಸ್ಟೇಜು ಕಾಣುತ್ತದೆ. ಅವನು ಸುತ್ತು ಹೊಡೆದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಮೂ ಜೊತೆಗಿದ್ದರು, ಗಂಟು ಹೊರೆ ಇತ್ತು, ಬಹುಶಃ ಇಲ್ಲ.

ಚಾಚಿ ಚಹಾ ಮಾಡಲು ಒಳಗೆ ಹೋದರು. ನಾನು ಬೆಂಚಿನ ಮೇಲೆ ಕೂತೆ. ಮಲಂಗಸಾಬರು ಮಾತು ಕಡಿಮೆಯ ಮನುಷ್ಯ, ಅವರು ನಕ್ಕದ್ದನ್ನು ನಾನೆಂದೂ ನೋಡಿಲ್ಲ. ಆದರೂ ಬಾಯಿ ತಡೆಯಲಿಲ್ಲ. ಚಾಚಾ, ಇವತ್ತು ಏನಾಯ್ತು ಗೊತ್ತೇನ್ರಿ ಎಂದು ಶುರು ಮಾಡಿಬಿಟ್ಟೆ. ಅವರು ಮಷಿನ್ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಪೂರಾ ನನ್ನ ಕಡೆ ತಿರುಗಿ ಕೂತರು. ನಾನು ಎಲ್ಲ ಮಾಡಿ ತೋರಿಸಿದೆ. ಸಾಹೇಬನ ಗತ್ತು, ಮೊದಲ ಕಡಿತ, ಕಂಬಕ್ಕೆ ತಿಕ್ಕಿದ್ದು, ವೈರ್‌ಗೆ ಸಿಕ್ಕಿಕೊಂಡದ್ದು, ಪ್ರಿನ್ಸಿಪಾಲರ ಕೆಮ್ಮು, ಆಯಿಯ ಹೋಳಿಗೆ. ಅಂಗಡಿಯ ನೆಲದ ಮೇಲೆ ಉರುಳಿಯೂ ತೋರಿಸಿದೆ. ಮೈಗೆಲ್ಲ ದಾರದ ಚೂರು ಮೆತ್ತಿಕೊಂಡವು.

ಅವರು ಕಣ್ಣು ತೆಗೆಯದೆ, ಮರ್ಯಾದೆಯಿಂದ, ಕೊನೆಯವರೆಗೆ ನೋಡಿದರು.

"ಆಮ್ಯಾಲ?" ಎಂದರು.

"ಆಮ್ಯಾಲ ಏನಿಲ್ರಿ ಚಾಚಾ," ಎಂದೆ. "ಮುಗೀತು."

ಅವರು ತಲೆಯಾಡಿಸಿ, ಕನ್ನಡಕ ಇಳಿಸಿ, ಮಷಿನ್ನಿನ ಚಕ್ರಕ್ಕೆ ಕೈ ಹಚ್ಚಿದರು.