ಅಕೀಲನ ಫೋನಿನ ಬೀಗ

ಹರಪನಹಳ್ಳಿ ಬಸ್ ನಿಲ್ದಾಣದ ಎದುರು ನನ್ನ ಮೊಬೈಲ್ ಅಂಗಡಿ. ಫೋನಿನ ಬೀಗ ತೆಗೆಯುವುದರಲ್ಲಿ ಈ ಗುರುಶಾಂತನನ್ನು ಮೀರಿಸುವವನು ಮೂರು ಲೋಕದಲ್ಲಿ ಹುಟ್ಟಿಲ್ಲ. ನಾನು ಕೆಮ್ಮಿದರೆ ಸಾಕು, ಹತ್ತು ಫೋನು ತಾವಾಗಿ ತೆರೆದುಕೊಳ್ಳುತ್ತವೆ. ಗುಟ್ಟೇನಿಲ್ಲ. ಹೊಸ ಫೋನು ಕೊಂಡವರು, "ನಂಬರ್ ನೀನ ಏನರ ಹಾಕಪ, ನಿನ್ನ ನೆಪ್ಪಿಗಿದ್ರ ಸಾಕು" ಎಂದು ನನ್ನ ಕೈಗೇ ಕೊಡುತ್ತಾರೆ. ಎಲ್ಲರಿಗೂ ಒಂದೇ ನಂಬರ್ ಹಾಕುತ್ತೇನೆ. ಅರ್ಧ ತಾಲ್ಲೂಕಿಗೆ ಒಂದೇ ಕೀಲಿ. ಉಳಿದವರದು ಗಾಡಿ ನಂಬರೋ ಮಗ ಹುಟ್ಟಿದ ವರ್ಷವೋ. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಅಲ್ಲೇ ಮೊಳೆಗೆ ತೂಗುಹಾಕಿದ ಹಾಗೆ.

ಆ ಮಧ್ಯಾಹ್ನ ಖುಷ್ನುಮಾ ಬಂದಳು, ಕಂಕುಳಲ್ಲಿ ಕೂಸು, ಹಿಂದೆ ಅತ್ತೆ ಅಕ್ತರಬಿ. ಅವಳ ಗಂಡ, ಟ್ರ್ಯಾಕ್ಟರ್ ಮೆಕ್ಯಾನಿಕ್ ಅಕೀಲ, ಎದೆನೋವಿನಿಂದ ತೀರಿಕೊಂಡು ತಿಂಗಳಾಗಿತ್ತು. ಅವನ ಫೋನನ್ನು ಖುಷ್ನುಮಾ ನನ್ನ ಮುಂದಿಟ್ಟಳು.

"ಇದರಾಗ ಮಗಳಿಗೆ ಜೋಗುಳ ಹಾಡಿಟ್ಟಾರಣ್ಣ. ನನಗ ಕಳಸ್ರಿ ಅಂದ್ರ, ಪೂರ್ತಿ ಆಗ್ಲಿ ಅಂತಿದ್ರು. ಅವರ ದನಿ ಬ್ಯಾರೆ ಎಲ್ಲೂ ಇಲ್ಲ. ಇಕಿ ಒಮ್ಮೆರ ಕೇಳಬೇಕು."

"ಊರಿಗೆಲ್ಲ ಕೊಚ್ಚಿಗೊಂತಿದ್ದೆಲ್ಲೋ, ತೆಗಿ ಈಗ," ಎಂದಳು ಅಕ್ತರಬಿ.

"ಚಾ ಆರೂದ್ರೊಳಗ ತೆಗೀತೀನಿ, ಚಾಚಿ."

ನನ್ನ ನಂಬರ್ ಒತ್ತಿದೆ. ತಪ್ಪು. ಗಾಡಿಯದು, ಕೂಸು ಹುಟ್ಟಿದ ದಿನ, ಮದುವೆಯ ದಿನ, ತಲೆಗೆ ಹೊಳೆದದ್ದೆಲ್ಲ ಒತ್ತಿದೆ. ಕೊನೆಗೆ ಪರದೆ ಹೇಳಿತು: ಇನ್ನೊಮ್ಮೆ ತಪ್ಪಿದರೆ ಎಲ್ಲವೂ ಅಳಿಸಿಹೋಗುತ್ತದೆ.

"ನಂಬರ್ ಬದಲಿ ಮಾಡಿದ್ನೇನವ್ವ?"

"ನೀವ ಹೇಳಿದ್ರಂತಲ್ಲ. ಇದು ಊರಿಗೆಲ್ಲ ಒಂದ ನಂಬರ್, ಮನಿಗೋಗಿ ಯಾರಿಗೂ ತಿಳೀಲಾರದ್ದು ಹಾಕ್ಯ, ತಪ್ಪಿ ಒತ್ತಿದ್ರ ಅಳಸೂವಂಗ ಇಟ್ಗ ಅಂತ. ನನಗೂ ಹೇಳ್ಲಿಲ್ಲ."

ಫೋನು ಕೊಡುವಾಗ ಲಕ್ಷ ಜನಕ್ಕೆ ಈ ಮಾತು ಹೇಳಿದ್ದೇನೆ. ಕೇಳಿದವನು ಅಕೀಲ ಒಬ್ಬನೇ.

"ಬಿಚ್ಚಿ ಒಳಗಿಂದ ತಗಿಯಪ," ಎಂದಳು ಅಕ್ತರಬಿ. ಈಗ ದನಿಯಲ್ಲಿ ಕುಟುಕಿರಲಿಲ್ಲ.

"ಬಿಚ್ಚಿದ್ರ ಹಿಟ್ಟು ಸಿಗತೈತಿ ಚಾಚಿ. ಫೋನು ಹಾಡನ್ನ ಬೀಸಿ ಇಟ್ಟಿರತೈತಿ. ಅವನ ನಂಬರ್ ಒಂದ ಅದನ್ನ ತಿರುಗಿ ಜ್ವಾಳ ಮಾಡೂದು. ನನ್ನಂಥೋರು ಸಾವಿರ ಮಂದಿ ಕುಂತ್ರೂ ಆಗಂಗಿಲ್ಲ."

"ಇನ್ನೊಂದು ಸಲ ಐತೆಲ್ಲ. ಅವನು ಹುಟ್ಟಿದ ವರ್ಷ ಒತ್ತು."

ಖುಷ್ನುಮಾ ಫೋನನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು.

"ಬ್ಯಾಡತ್ತಿ. ಈಗ ಒಳಗರ ಐತಿ."

ಸೆರಗಿನಿಂದ ಗಾಜು ಒರೆಸಿದಳು. "ಚಾರ್ಜ್ ಹೋದ್ರ ಹಾಡೂ ಹೋಗತೈತೇನಣ್ಣ?"

"ಇಲ್ಲವ್ವ. ಅದು ಎಲ್ಲೂ ಹೋಗಂಗಿಲ್ಲ."

"ಆದ್ರೂ ಒಂದು ಚಾರ್ಜರ್ ಕೊಡ್ರಿ."

ಅಂಗಡಿಯಲ್ಲಿದ್ದುದರಲ್ಲೇ ಗಟ್ಟಿ ವೈರಿನದೊಂದನ್ನು ಹುಡುಕಿ ಕೊಟ್ಟೆ.