ನೀರು ಕಾದಿದೆ

"ಹೆಣ ಚರ್ಚಿನಲ್ಲಿ, ಹೊರೋರು ಹೊಳೇಲಿ! ನಾಚಿಕೆ ಆಗಲ್ವೇನ್ರೋ?"

ಕಪ್ಪು ಬಟ್ಟೆ ತೊಟ್ಟ ಲೋರೀನ್ ದಡದ ಕಲ್ಲುಗಳ ಮೇಲೆ ತಡವರಿಸುತ್ತ ಬಂದು ಕೂಗಿದಳು. ಅವಳ ಗಂಡ ಓರ್ವಲ್‌ನ ಶವಪೆಟ್ಟಿಗೆಗೆ ಹೆಗಲು ಕೊಡಬೇಕಾದ ನಾಲ್ವರೂ ಮೊಣಕಾಲುದ್ದ ನೀರಿನಲ್ಲಿ ನಿಂತು, ಗರಿಯಲ್ಲಿ ಕಟ್ಟಿದ ಸುಳ್ಳು ನೊಣ ತೋರಿಸಿ ಟ್ರೌಟ್ ಮೀನಿಗೆ ಗಾಳ ಬೀಸುತ್ತಿದ್ದರು. ಒಂದು ಗಂಟೆಗೆ ಪ್ರಾರ್ಥನೆ, ಆಗಲೇ ಹನ್ನೆರಡೂಮುಕ್ಕಾಲು.

"ಎರಡಕ್ಕೆ ಹೊಳೆ ಮುಚ್ತಾರಲ್ಲ ಅತ್ತಿಗೆ," ಎಂದ ಮೈದುನ ಮರ್ಲ್. "ಅವನೇ ಇದ್ದಿದ್ರೂ..."

"ಅವನೇ ಇದ್ದಿದ್ರೆ ತನ್ನ ಮಣ್ಣಿಗೆ ತಾನೇ ತಡವಾಗಿ ಬರ್ತಿದ್ದ! ಗೊತ್ತು ಕಣೋ!"

ಮೊಂಟಾನಾದ ಆಗಸ್ಟಿನಲ್ಲಿ ಮಧ್ಯಾಹ್ನದ ಮೇಲೆ ಯಾರೂ ಮೀನು ಹಿಡಿಯದಂತೆ ಸರ್ಕಾರದವರು ಹೊಳೆ ಮುಚ್ಚುವುದು ಮಾಮೂಲು. ನೀರು ಕಾದರೆ ಟ್ರೌಟ್‌ಗೆ ಉಸಿರು ಸಾಲದು. ಹಿಡಿದು ಮತ್ತೆ ನೀರಿಗೇ ಬಿಟ್ಟರೂ ಸಾಯುತ್ತದೆ. ಮರ್ಯಾದಸ್ಥನಾದವನು ಥರ್ಮಾಮೀಟರ್ ಅದ್ದಿ ನೋಡಿ, ಕಾದಿದ್ದರೆ ಎರಡು ಗಂಟೆಗೆ ಮೊದಲೇ ಗಾಳ ಸುತ್ತಿಕೊಳ್ಳುತ್ತಾನೆ. ಮೀನಿನ ಮೇಲೆ ಇಷ್ಟು ಕನಿಕರ ಇರುವ ಗಂಡಸರಿಗೆ ಮನೆಯಲ್ಲಿ ಊಟ ಆರಿಹೋಗುವುದು ಮಾತ್ರ ಕಾಣುವುದಿಲ್ಲ.

*

ಮೂರು ದಿನದ ಹಿಂದೆ ಓರ್ವಲ್ ಹನ್ನೆರಡಕ್ಕೇ ಮನೆಗೆ ಬಂದಿದ್ದ. "ಒಂದು ದಿನವಾದರೂ ಮಧ್ಯಾಹ್ನ ಜೊತೆಗೆ ಕೂತು ಉಣ್ಣು" ಎಂದು ಲೋರೀನ್ ನಲವತ್ತು ಬೇಸಿಗೆ ಗೋಗರೆದಿದ್ದಳು. ಅವತ್ತು ಬೆಳಿಗ್ಗೆಯೂ ಹೇಳಿದ್ದಳು.

"ಏನಿದು, ದಾರಿ ತಪ್ಪಿತೇ?"

"ನೀರು ಕಾದಿದೆ," ಎಂದ, ಅವಳ ಮುಖ ನೋಡದೆ.

"ಅದೇ ಅಂದ್ಕೊಂಡೆ! ಮೀನಿಗೆ ಬೇಡವಾದಾಗ ಹೆಂಡತಿ ನೆನಪಾಗ್ತಾಳೆ."

ಬೇಯಿಸಿದ ಜೋಳದ ತೆನೆಯ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹಿತ್ತಲಿಗೆ ಹೋದಳು. ಅವನು ಒಬ್ಬನೇ ತಿಂದ. ಆಮೇಲೆ ಜಗಲಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿದವನು ಏಳಲಿಲ್ಲ.

*

"ಸಾಯೋ ದಿನಾನೂ ಮೀನಿಗೋಸ್ಕರ ಮನೆಗೆ ಬಂದ, ನನಗೋಸ್ಕರ ಅಲ್ಲ," ಎಂದಳು ಲೋರೀನ್. "ನೀರು ಕಾದಿತ್ತಂತೆ, ನೀರು!"

ನಾಲ್ವರೂ ಮುಖ ಮುಖ ನೋಡಿಕೊಂಡರು.

"ಅವತ್ತಾ?" ಎಂದ ಮರ್ಲ್. "ಹಿಂದಿನ ಸಂಜೆ ಬೆಟ್ಟದ ಮೇಲೆ ಆಲಿಕಲ್ಲು ಸುರಿದಿತ್ತಲ್ಲ ಅತ್ತಿಗೆ. ನೀರು ಕೊರೀತಿತ್ತು. ಮೀನು ಒಂದರ ಹಿಂದೊಂದು ನೊಣ ಕಚ್ಚೋಕೆ ಮೇಲೇಳ್ತಿದ್ವು. ಇವನು ನೋಡಿದ್ರೆ ಕಾದಿದೆ ಅಂತ ಹೊರಟ. ನಾನು ಥರ್ಮಾಮೀಟರ್ ಅದ್ದಿ ತೋರಿಸ್ದೆ. ಹೆಂಡ್ತಿ ಕರೆದ್ಲೇನೋ ಅಂತ ಎಲ್ರೂ ಆಡ್ಕೊಂಡ್ವಿ."

"ಏನಂದ?"

"ಕಿವಿ ಕೆಂಪಗಾಯ್ತು. ಕಾದಿದೆ ಅಂದ್ರೆ ಕಾದಿದೆ ಅಂತ ಗಾಳ ಸುತ್ಕೊಂಡು ಹೋಗೇಬಿಟ್ಟ."

ಲೋರೀನ್ ಚರ್ಚಿನ ಕಡೆ ತಿರುಗಿದಳು.

"ಹಾಳಾದವನೇ! ಇವರ ಹತ್ರ ಸುಳ್ಳು ಹೇಳಿದ್ದು ಸರಿ, ನನಗಾದ್ರೂ ನಿಜ ಹೇಳಬಾರದಿತ್ತೇನೋ ಮುಠ್ಠಾಳ? ನಾನೂ ಜೊತೆಗೆ ಕೂತ್ಕೋತಿದ್ದೆನಲ್ಲೋ."

ಚರ್ಚಿನ ಗಂಟೆ ಒಂದು ಹೊಡೆಯಿತು. ನಾಲ್ವರೂ ಗಡಬಡಿಸಿ ದಡಕ್ಕೆ ಬಂದು ಟೋಪಿ ತೆಗೆದು ನಿಂತರು. ಲೋರೀನ್ ಮಾತ್ರ ಬೂಟು ಕಳಚಿ, ಕಪ್ಪು ಲಂಗ ಎತ್ತಿ ಹಿಡಿದು ಮೊಣಕಾಲುದ್ದ ನೀರಿಗಿಳಿದಳು. ಅಲ್ಲೇ ನಿಂತಳು. ಹೊತ್ತಾಗುತ್ತಿತ್ತು; ಈ ಸಲ ದಡದಲ್ಲಿ ಕಾಯುವವರು ಆ ನಾಲ್ವರು.